ಬುಹಿ: ತಪ್ಪಿಸಿಕೊಂಡದ್ದೂ ಬದುಕಿರುವುದೂ

ಶಿವಮೊಗ್ಗದಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗಳು ಫಿಲಿಪ್ಪೀನ್ಸ್‌ನ ದಾವಾವೊದಲ್ಲಿ ಡಾಕ್ಟರಿಕೆ ಓದುತ್ತಿದ್ದಾಳೆ. ಪತ್ರದ ಸಾರ ಇಷ್ಟು: “ಮಗಳ ಜೊತೆ ವಿಡಿಯೊ ಕಾಲ್‌ನಲ್ಲಿ ಮಾತಾಡುತ್ತಿದ್ದೆ. ಅಷ್ಟರಲ್ಲಿ ಅವಳ ಮನೆ ಓನರಮ್ಮ ‘ನಕಬುಹಿ, ನಕಬುಹಿ’ ಅಂತ ಕೂಗುತ್ತಾ ಹಿತ್ತಲಿಗೆ ಓಡಿದರು. ಕಟ್ಟಿಹಾಕಿದ್ದ ಕೋಳಿ ತಪ್ಪಿಸಿಕೊಂಡಿತ್ತಂತೆ. ಆಮೇಲೆ ಮಗಳು ಹೇಳಿದಳು, ಆಸ್ಪತ್ರೆಯಲ್ಲಿ ರೋಗಿಯ ಕಡೆಯವರು ‘ಬುಹಿ ಪಾ ಬಾ?’ ಅಂತ ಕೇಳುತ್ತಾರಂತೆ. ಅಂದರೆ ‘ಜೀವ ಇದೆಯಾ?’ ಅಂತ. ತಪ್ಪಿಸಿಕೊಳ್ಳುವುದಕ್ಕೂ ಜೀವಂತ ಇರುವುದಕ್ಕೂ ಒಂದೇ ಮಾತು ಹೇಗಾಯಿತು? ಅವಳಿಗೆ ಈ ಭಾಷೆ ಕಲಿಯುವ ಆಸೆ. ಯಾವ ನಿಘಂಟು ನೋಡಬೇಕು?”

ನಿಮ್ಮ ಮಗಳು ಸರಿಯಾಗಿಯೇ ಕೇಳಿಸಿಕೊಂಡಿದ್ದಾಳೆ. ಆ ಭಾಷೆ ಸೆಬುವಾನೊ. ಆಡುವವರು ಅದನ್ನು ಬಿಸಾಯ ಅಂತಲೇ ಕರೆಯುತ್ತಾರೆ. ಸೆಬು, ಬೊಹೋಲ್ ದ್ವೀಪಗಳು ಅದರ ತವರು. ಅಲ್ಲಿಂದ ಜನ ದಕ್ಷಿಣದ ಮಿಂದನಾವೊಗೆ ಗುಳೆ ಹೋಗಿ ನೆಲೆಸಿದ್ದರಿಂದ ದಾವಾವೊದ ಬೀದಿಯಲ್ಲೂ ಅದೇ ಮಾತು. ಸುಮಾರು 2 ಕೋಟಿ ಜನರ ಮನೆಮಾತು ಅದು. ಆದರೂ ಶಾಲೆಯಲ್ಲಿ, ಟೀವಿಯಲ್ಲಿ, ಸರ್ಕಾರಿ ಕಾಗದಗಳಲ್ಲಿ ರಾಜಧಾನಿ ಮನಿಲಾ ಕಡೆಯ ಭಾಷೆ ತಗಾಲೊಗ್ ಮತ್ತು ಇಂಗ್ಲಿಷಿನದ್ದೇ ಜೋರು. ಹೊರಗಿನಿಂದ ಬಂದ ವಿದ್ಯಾರ್ಥಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ದಿನ ತಳ್ಳುತ್ತಾರೆ. ನಿಮ್ಮ ಮಗಳು ವಾರ್ಡಿನ ಮಾತಿಗೆ ಕಿವಿಗೊಟ್ಟಳಲ್ಲ, ಅದು ನನಗೆ ತುಂಬಾ ಖುಷಿ ಕೊಟ್ಟಿತು.

ಈಗ ಕೋಳಿಯ ವಿಷಯ. ‘ಬುಹಿ’ ಅಂದರೆ ಜೀವಂತ. ಮಾರ್ಕೆಟ್ಟಲ್ಲಿ ಬಕೆಟ್ಟಿನೊಳಗೆ ಒದ್ದಾಡುವ ಮೀನು ‘ಬುಹಿ’. ಅದೇ ಅಕ್ಷರಗಳ ಮುಂದೆ ‘ನಕ’ ಸೇರಿದರೆ ‘ನಕಬುಹಿ’. ‘ನಕ’ ಅಂದರೆ ಕೆಲಸ ಕೈಗೂಡಿತು, ಮಾಡಲು ಸಾಧ್ಯವಾಯಿತು ಎಂಬ ಅರ್ಥ. ಕಟ್ಟು ಬಿಚ್ಚಿಕೊಂಡ ಕೋಳಿ, ದೊಡ್ಡಿಯಿಂದ ನುಗ್ಗಿದ ಹಂದಿ, ಗಾಳದಿಂದ ಜಾರಿದ ಮೀನು, ಪೊಲೀಸರ ಕೈಯಿಂದ ಕೊಸರಿಕೊಂಡ ಕಳ್ಳ, ಎಲ್ಲವೂ ನಕಬುಹಿ. ಹಿಡಿದ ಕೈಯಿಂದ ಬಿಡಿಸಿಕೊಂಡು ಹೋಯಿತು ಅಂತ. ತೋಳು ಹಿಡಿದವರಿಗೆ ‘ಬುಹಿಇ ಕೊ!’ ಅಂದರೆ ‘ಬಿಡು ನನ್ನ!’ ‘ಗಿಬುಹಿಯನ್’ ಅಂದರೆ ಬಿಟ್ಟರು. ಜೈಲಿನಿಂದ ಕೈದಿಯನ್ನು ಬಿಟ್ಟರೂ ಇದೇ, ಪಂಜರದ ಹಕ್ಕಿಯನ್ನು ಬಿಟ್ಟರೂ ಇದೇ. ಬಾಯಿಂದ ಮಾತು ಹೊರಬಿಟ್ಟರೂ ‘ಬುಹಿ’ಯೇ. ನಮ್ಮ ‘ಬಿಡು’ ಮಾಡುವ ಕೆಲಸವನ್ನೆಲ್ಲ ಹೆಚ್ಚುಕಡಿಮೆ ಇದು ಮಾಡುತ್ತದೆ.

ಒಂದು ಎಚ್ಚರಿಕೆ ಹೇಳಬೇಕು. ಸೆಬುವಾನೊವನ್ನು ಈಗ ರೋಮನ್ ಅಕ್ಷರದಲ್ಲಿ ಬರೆಯುತ್ತಾರೆ. ಎಲ್ಲಿ ಒತ್ತು, ಕೊನೆಯಲ್ಲಿ ಗಂಟಲು ಎಲ್ಲಿ ಕಟ್ಟುತ್ತದೆ ಎಂಬುದನ್ನು ದಿನನಿತ್ಯದ ಬರಹದಲ್ಲಿ ಗುರುತಿಸುವುದಿಲ್ಲ. ಹಾಗಾಗಿ ಕಾಗದದ ಮೇಲೆ ಒಂದೇ ಥರ ಕಾಣುವ ಮಾತುಗಳನ್ನು ಬಾಯಲ್ಲಿ ಬೇರೆ ಬೇರೆಯಾಗಿ ಆಡಬಹುದು. ಮನೆ ಓನರಮ್ಮ ಅನ್ನುವ ಹಾಗೇ ಅನ್ನುತ್ತಾ ಕಲಿಯುವುದೇ ಒಳ್ಳೆಯ ದಾರಿ. ಅಂದಹಾಗೆ, ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತುಬಿಟ್ಟ ‘ಙ’ ಅಲ್ಲಿ ದಿನಬಳಕೆಯ ಅಕ್ಷರ. ‘ಙಾನೊ’ ಅಂದರೆ ‘ಯಾಕೆ’. ಇಂಗ್ಲಿಷಿನವರು ಅದನ್ನು ಮಾತಿನ ಶುರುವಿನಲ್ಲಿ ಹೇಳಲು ಒದ್ದಾಡುತ್ತಾರೆ. ವರ್ಣಮಾಲೆ ಕಲಿತ ನಿಮ್ಮ ಮಗಳಿಗೆ ಅಷ್ಟು ಕಷ್ಟ ಆಗಲಿಕ್ಕಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ ಮಾತು ‘ಬಿನುಹಿ’. ನಮ್ಮಲ್ಲಿ ಪ್ರತ್ಯಯ ಬಂದರೆ ಬಾಲಕ್ಕೆ ಅಂಟುತ್ತದೆ. ಅಲ್ಲಿ ಮಾತಿನ ಹೊಟ್ಟೆಯೊಳಗೂ ತೂರಿಕೊಳ್ಳುತ್ತದೆ. ‘ಬುಹಿ’ಯ ‘ಬ್’ ಆದಮೇಲೆ ‘ಇನ್’ ತೂರಿದರೆ ‘ಬಿನುಹಿ’. ಅರ್ಥ, ಸಾಕಿದ ಪ್ರಾಣಿ. ಹಿತ್ತಲ ಕೋಳಿ, ಹಂದಿ, ಮನೆ ನಾಯಿ, ಎಲ್ಲ ಬಿನುಹಿ. ಕಾಳು ಹಾಕಿ, ನೀರಿಟ್ಟು, ಜೀವ ಉಳಿಸಿ ಬೆಳೆಸಿದ್ದು ಅಂತ. ಹಾಗಾದರೆ ನಿಮ್ಮ ಮಗಳ ಮನೆಯಲ್ಲಿ ಆದದ್ದೇನು? ಬಿನುಹಿಯೇ ನಕಬುಹಿ ಆಯಿತು. ಕಟ್ಟಿ ಸಾಕಿದ್ದಕ್ಕೂ, ಕಟ್ಟು ಹರಿದುಕೊಂಡು ಹೋದದ್ದಕ್ಕೂ ಅದೇ ಅಕ್ಷರಗಳು. ಮೊದಲ ಸಲ ಕೇಳಿದವರಿಗೆ ತಲೆ ಗಿರ್ ಅನ್ನುತ್ತದೆ. ಮನೆ ಓನರಮ್ಮನಿಗೆ ಏನೂ ಅನ್ನಿಸುವುದಿಲ್ಲ, ಅವರ ಕಣ್ಣೆಲ್ಲ ಕೋಳಿಯ ಮೇಲೆ.

ಇನ್ನೂ ಇದೆ. ‘ಮಕಬುಹಿ’ ಅಂದರೆ ಜೀವ ಹಿಡಿದಿಡಲು, ಹೊಟ್ಟೆ ಹೊರೆಯಲು ಸಾಲುವುದು. ಈ ಕೂಲಿ ಸಂಸಾರಕ್ಕೆ ಮಕಬುಹಿ ಅಲ್ಲ ಅಂದರೆ ಈ ದುಡ್ಡಲ್ಲಿ ಮನೆ ನಡೆಯಲ್ಲ ಅಂತ. ‘ನಕಬುಹಿ’ಗೂ ಆ ಅರ್ಥ ಬರುತ್ತದೆ, ಅಂದರೆ ಸಂಸಾರ ಸಾಕಿದ. ‘ಕಿನಬುಹಿ’ ಅಂದರೆ ಜೀವನ. ‘ಪಙಿನಬುಹಿ’ ಅಂದರೆ ಹೊಟ್ಟೆಪಾಡು, ಕಸುಬು. ಸೆಬು, ಬೊಹೋಲ್ ಕಡೆಯ ಎಷ್ಟೋ ಮನೆಗಳಿಂದ ಒಬ್ಬರಾದರೂ ಹಡಗಿನಲ್ಲಿ, ಕೊಲ್ಲಿ ದೇಶದಲ್ಲಿ, ಹಾಂಗ್‌ಕಾಂಗಿನ ಯಾರದೋ ಅಡುಗೆಮನೆಯಲ್ಲಿ ದುಡಿಯುತ್ತಿರುತ್ತಾರೆ. ಊರು ಬಿಟ್ಟು ಹೋದದ್ದೂ ಮನೆ ಬದುಕಿಸಿದ್ದೂ ಅವರ ಪಾಲಿಗೆ ಒಟ್ಟಿಗೇ ಬಂದ ಕೆಲಸ. ಅಂಥವರ ಬಗ್ಗೆ ಮನೆಯವರು ಮಾತಾಡುವಾಗ ಈ ಬುಹಿ ಯಾವ ರೂಪದಲ್ಲಿ ಬರುತ್ತದೆ ಅಂತ ನಿಮ್ಮ ಮಗಳು ಗಮನಿಸಲಿ.

ಕನ್ನಡದವರಿಗೆ ಇದು ಪೂರ್ತಿ ಹೊಸದೇನಲ್ಲ, ಅಲ್ವಾ? ಲಾರಿ ಮೈಗೆ ತಾಗುವಷ್ಟು ಹತ್ತಿರ ಹಾದು ಹೋದರೆ ‘ಬದುಕಿದೆಯಾ ಬಡಜೀವವೇ’ ಅನ್ನುತ್ತೇವೆ. ‘ಹೇಗೋ ಬದುಕಿಕೊಂಡ’ ಅಂದರೆ ಗಂಡಾಂತರದಿಂದ ಪಾರಾದ ಅಂತ. ‘ಬದುಕು’ ಅಂದರೆ ಜೀವನವೂ ಹೌದು, ಹೊಟ್ಟೆಪಾಡೂ ಹೌದು. ಹಳ್ಳಿ ಕಡೆ ಮನೆಗೆಲಸಕ್ಕೂ ಆಸ್ತಿಪಾಸ್ತಿಗೂ ಬದುಕು ಅನ್ನುತ್ತಾರೆ. ಆದರೆ ಹಗ್ಗ ಬಿಚ್ಚಿಕೊಂಡ ಹಸುವನ್ನು ನಾವು ‘ಬದುಕಿತು’ ಅನ್ನುವುದಿಲ್ಲ. ಸೆಬುವಾನೊ ಆ ಒಂದು ಹೆಜ್ಜೆ ಮುಂದೆ ಹೋಗಿದೆ.

ಹಾಗಂತ ಎಲ್ಲ ಓಟಕ್ಕೂ ‘ಬುಹಿ’ ಸಲ್ಲುವುದಿಲ್ಲ. ಜೈಲು ಮುರಿದು ಓಡಿದರೆ ಸುದ್ದಿಯವರು ‘ಇಕ್ಯಾಸ್’ ಅನ್ನುತ್ತಾರೆ, ಇಲ್ಲವೇ ಸ್ಪ್ಯಾನಿಷಿನಿಂದ ಬಂದ ‘ಎಸ್ಕಾಪೊ’. ಬಿರುಕಿನಲ್ಲಿ ನುಸುಳಿ ಪಾರಾದರೆ ‘ಲುಸೊತ್’. ಜಗಳವಾಡಿ ಮನೆ ಬಿಟ್ಟು ಹೋದರೆ ‘ಲಾಯಾಸ್’. ಈ ಕೊನೆಯದರ ಬಗ್ಗೆ ಹುಷಾರಾಗಿರಬೇಕು. ಮನೆ ಬಿಟ್ಟು ಹೋದವನ ಬಗ್ಗೆ ಆಡುವ ಮಾತೂ ಅದೇ, ಮನೆಯಿಂದ ಓಡಿಸುವವರು ಕೂಗುವ ಮಾತೂ ಅದೇ. ‘ಲಾಯಾಸ್!’ ಅಂದರೆ ‘ತೊಲಗು ಇಲ್ಲಿಂದ!’ ಅವನಾಗೇ ಹೋದನೋ ಇವರೇ ಅಟ್ಟಿದರೋ, ಮಾತಿನಿಂದ ತಿಳಿಯುವುದಿಲ್ಲ. ಎಷ್ಟೋ ಮನೆಗಳಲ್ಲಿ ಅದು ನಿಜವಾಗಿಯೂ ತಿಳಿಯುವುದಿಲ್ಲ.

ಪ್ರವಾಹ, ಬಿರುಗಾಳಿ, ಯುದ್ಧದಿಂದ ಜಾಗ ಖಾಲಿ ಮಾಡುವುದಕ್ಕೆ ‘ಬಕ್ವಿತ್’ ಅಂತ ಇದೆ. ಇಂಗ್ಲಿಷಿನ ಇವ್ಯಾಕ್ಯುಯೇಟ್ ಅಲ್ಲಿನ ಬಾಯಲ್ಲಿ ಸವೆದು ಹೀಗಾಗಿದೆ. ಮಿಂದನಾವೊದಲ್ಲಿ ಇದು ಜಾಸ್ತಿ ಕೇಳಿಬರುತ್ತದೆ. 2017ರಲ್ಲಿ ಮರಾವಿ ನಗರದಲ್ಲಿ ಐದು ತಿಂಗಳು ಕಾಳಗ ನಡೆದಾಗ ಲಕ್ಷಗಟ್ಟಲೆ ಜನ ಬಕ್ವಿತ್ ಆದರು. 2021ರ ಡಿಸೆಂಬರ್ 16ರಂದು ಓಡೆಟ್ ಚಂಡಮಾರುತ ಸಿಯಾರ್ಗಾವೊ ದ್ವೀಪಕ್ಕೆ ಅಪ್ಪಳಿಸಿ ಬೊಹೋಲ್, ಸೆಬು ದಾಟಿ ಹೋಯಿತು. 400ಕ್ಕೂ ಹೆಚ್ಚು ಜನ ಸತ್ತರು. ಕರೆಂಟೂ ಇಲ್ಲ, ಮೊಬೈಲ್ ಸಿಗ್ನಲ್ಲೂ ಇಲ್ಲ. ಹೊರದೇಶದಲ್ಲಿದ್ದ ಮಕ್ಕಳು ಮನೆಯವರ ಸುದ್ದಿಗೆ ದಿನಗಟ್ಟಲೆ ಕಾದರು. ಅಂಥ ಹೊತ್ತಲ್ಲಿ ಕೇಳಬೇಕೆನಿಸುವ ಮಾತು ‘ಬುಹಿ ಪಾ ಮಿ’, ಇನ್ನೂ ಜೀವ ಇದೆ ನಮಗೆ. ಪಾರಾದೆವು ಅನ್ನುವುದೂ ಅದರೊಳಗೇ ಬಂತು.

ನೀವು ಕೇಳಿದ ‘ಹೇಗಾಯಿತು’ಗೆ ನಾನು ವ್ಯಾಕರಣದ ಬದಲು ಬೊಹೋಲ್‌ನ ಒಂದು ಚರಿತ್ರೆ ಹೇಳುತ್ತೇನೆ. ‘ಕಲಗಿವ್’ ಅಂದರೆ ಪಲಾಯನ. ಸ್ಪೇನ್ ಆಳುತ್ತಿದ್ದ ಕಾಲದಲ್ಲಿ ಚರ್ಚಿನ ಗಂಟೆ ಕೇಳಿಸುವಷ್ಟು ಹತ್ತಿರ ಜನ ಮನೆ ಕಟ್ಟಿಕೊಳ್ಳಬೇಕಿತ್ತು. ಕಂದಾಯ ಕೊಡಬೇಕು, ಬಿಟ್ಟಿ ದುಡಿಯಬೇಕು. ತಾಳಲಾರದವರು ಬೆಟ್ಟ ಹತ್ತಿ ಹೋದರು. ಸ್ಪೇನಿನವರು ಅವರಿಗೆ ‘ರೆಮೊಂತಾದೊ’ ಅಂತ ಹೆಸರಿಟ್ಟರು, ಬೆಟ್ಟಕ್ಕೆ ಓಡಿದವರು ಅಂತ. 1744ರಲ್ಲಿ ಫ್ರಾನ್ಸಿಸ್ಕೊ ದಾಗೊಹೊಯ್ ಎಂಬಾತನ ಸೋದರ ಸತ್ತಾಗ ಪಾದ್ರಿ ಕ್ರೈಸ್ತ ವಿಧಿಯಂತೆ ಹೂಳಲು ಒಪ್ಪಲಿಲ್ಲ. ದಾಗೊಹೊಯ್ ಸಾವಿರಾರು ಜನರನ್ನು ಕಟ್ಟಿಕೊಂಡು ಬೆಟ್ಟ ಸೇರಿದ. ಆ ಬಂಡಾಯ ನಿಂತದ್ದು 1829ರಲ್ಲಿ. 85 ವರ್ಷ! ಅಷ್ಟರಲ್ಲಿ ದಾಗೊಹೊಯ್ ಸತ್ತು ಎಷ್ಟೋ ಕಾಲವಾಗಿತ್ತು. ಕೊನೆಗೆ ಸರ್ಕಾರ ಕ್ಷಮೆ ಕೊಟ್ಟಾಗ ಸುಮಾರು 19,000 ಜನ ಕೆಳಗಿಳಿದು ಬಂದರು ಅಂತ ದಾಖಲೆ.

ಯೋಚಿಸಿ ನೋಡಿ. ಇಳಿದು ಬಂದವರಲ್ಲಿ ಹೆಚ್ಚಿನವರು ಹುಟ್ಟಿದ್ದೇ ಬೆಟ್ಟದಲ್ಲಿ. ಅವರು ಯಾವತ್ತೂ ಎಲ್ಲಿಂದಲೂ ಓಡಿ ಹೋದವರಲ್ಲ. ಕಾಡು ಕಡಿದು ಬೆಳೆ ತೆಗೆದರು, ಮದುವೆಯಾದರು, ಮಕ್ಕಳನ್ನು ಸಾಕಿದರು. ಸರ್ಕಾರದ ಕಡತದಲ್ಲಿ ಮಾತ್ರ ಮೂರು ತಲೆಮಾರೂ ‘ಓಡಿಹೋದವರು’. ಅವರ ಪಾಲಿಗೆ ಅದೇ ಕಿನಬುಹಿ, ಅದೇ ಪಙಿನಬುಹಿ. ಆ ಮಾತು ಹುಟ್ಟಿದ್ದು ಈ ಕತೆಯಿಂದ ಅಂತ ನಾನು ಹೇಳುತ್ತಿಲ್ಲ, ಮಾತು ಬಂಡಾಯಕ್ಕಿಂತ ಬಹಳ ಹಳೆಯದು. ಆದರೆ ಬಿಡಿಸಿಕೊಂಡು ಹೋಗುವುದೂ ಜೀವಂತ ಇರುವುದೂ ಒಂದೇ ಕೆಲಸವಾಗಿದ್ದ ಜನ ಆ ದ್ವೀಪದಲ್ಲಿ ನಿಜವಾಗಿ ಇದ್ದರು. ಅವರ ಚರಿತ್ರೆ ಓದಿದ ಮೇಲೆ ನಿಮ್ಮ ಪ್ರಶ್ನೆ ನನಗೆ ಬರೀ ನಿಘಂಟಿನ ಪ್ರಶ್ನೆಯಾಗಿ ಉಳಿದಿಲ್ಲ.

ಇನ್ನೊಂದು ಮಾತನ್ನೂ ಅವಳು ಬೇಗ ಕಲಿಯಲಿ: ‘ಗಾವಾಸ್’. ಹೊರಗೆ, ಹೊರಗೆ ಬಾ ಅಂತ. ರೋಗಿಯನ್ನು ಮನೆಗೆ ಕಳಿಸುವಾಗಲೂ ಕೇಳಿಬರುತ್ತದೆ. ಅದರಿಂದಲೇ ‘ಕಗವಾಸನ್’, ಸ್ವಾತಂತ್ರ್ಯ.

ಇನ್ನು ನಿಘಂಟು. ಜಾನ್ ವುಲ್ಫ್ ಎಂಬ ವಿದ್ವಾಂಸರು ಮಾಡಿದ ಸೆಬುವಾನೊ-ಇಂಗ್ಲಿಷ್ ನಿಘಂಟು 1972ರಲ್ಲಿ ಅಚ್ಚಾಯಿತು. ಈಗ ಅದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನೇ ನೋಡಲಿ. ಎರಡು ವಿಷಯ ಗೊತ್ತಿದ್ದರೆ ಹುಡುಕುವುದು ಸುಲಭ. ‘ನಕಬುಹಿ’ಯನ್ನು ‘ನ’ದಲ್ಲಿ ಹುಡುಕಬಾರದು. ಹಿಂದೆ ಮುಂದೆ ಹೊಟ್ಟೆಯೊಳಗೆ ಸೇರಿದ್ದನ್ನೆಲ್ಲ ಕಳಚಿ ‘ಬುಹಿ’ ಅಂತ ಹುಡುಕಬೇಕು. ಎರಡನೆಯದು, ವುಲ್ಫ್ ಅವರು ಸ್ವರಗಳಲ್ಲಿ ಅ, ಇ, ಉ ಮಾತ್ರ ಇಟ್ಟುಕೊಂಡಿದ್ದಾರೆ. ಬೋರ್ಡಿನಲ್ಲಿ ‘ಎ’ ಕಂಡರೆ ‘ಇ’ಯಲ್ಲಿ, ‘ಒ’ ಕಂಡರೆ ‘ಉ’ವಿನಲ್ಲಿ ನೋಡಬೇಕು. ಪುಸ್ತಕಕ್ಕೆ 50 ವರ್ಷ ದಾಟಿದೆ, ಹೊಸ ಹುಡುಗರ ಮಾತು ಅದರಲ್ಲಿ ಸಿಗುವುದಿಲ್ಲ. ಅದಕ್ಕೆ ಸಹಪಾಠಿಗಳಿದ್ದಾರೆ.

ವಾರ್ಡಿನಲ್ಲಿ ಕೇಳಿದ ಮಾತುಗಳನ್ನು ಅವಳು ಕನ್ನಡದಲ್ಲಿ ಬರೆದು ಕಳಿಸಿದರೆ ಸಂತೋಷದಿಂದ ಪ್ರಕಟಿಸುತ್ತೇವೆ. ನೋವಿಗೆ, ಜ್ವರಕ್ಕೆ, ಸುಸ್ತಿಗೆ ಅಲ್ಲಿಯ ಜನ ಏನೇನು ಅನ್ನುತ್ತಾರೆ ಅಂತ ಬರೆಯಲಿ. ಮುಂದಿನ ವರ್ಷ ಅಲ್ಲಿಗೆ ಓದಲು ಹೊರಡುವ ಮಕ್ಕಳಿಗೆ ಉಪಯೋಗಕ್ಕೆ ಬರುತ್ತದೆ.

- ಸಂಪಾದಕ