ಅರಿವಳಿಕೆಯಿಂದ ಬೇಗ ಏಳದ ನಾಯಿಗಳು: ಕಠ್ಮಂಡು ಶಿಬಿರದ ಪ್ರಶ್ನೆಗೆ ಪ್ರತಿಕ್ರಿಯೆ

ಕಠ್ಮಂಡುವಿನ ಬೀದಿನಾಯಿ ಆಶ್ರಯತಾಣದಲ್ಲಿ ನಿಮ್ಮ ತಂಡವು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದ ಹೆಣ್ಣುನಾಯಿಗಳು ಅರಿವಳಿಕೆಗಾಗಿ ಕ್ಸೈಲಜೀನ್ ಮತ್ತು ಕೆಟಮೀನ್ ಎಂಬ ಔಷಧಗಳನ್ನು ಕೊಟ್ಟು ನಾಲ್ಕು ಗಂಟೆ ಕಳೆದರೂ ಏಳುತ್ತಿಲ್ಲವೆಂದರೆ, ದೇಹದ ಉಷ್ಣತೆ ಕುಸಿದಿರುವುದೇ ಬಹುಮಟ್ಟಿಗೆ ಕಾರಣ. ಸುಮಾರು 1,400 ಮೀಟರ್ ಎತ್ತರದ ಆ ಕಣಿವೆಯ ಜನವರಿಯ ಚಳಿ ಬೆಂಗಳೂರಿನ ಚಳಿಯಂಥದ್ದಲ್ಲ.

ಮೊದಲು ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. 37 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿದ್ದರೆ ನಾಯಿಯನ್ನು ಸಿಮೆಂಟ್ ನೆಲದಿಂದ ಎತ್ತಿ ಒಣ ಕಂಬಳಿಯ ಮೇಲೆ ಮಲಗಿಸಿ, ಬಟ್ಟೆ ಸುತ್ತಿದ ಬೆಚ್ಚಗಿನ ನೀರಿನ ಬಾಟಲಿಗಳನ್ನು ಪಕ್ಕದಲ್ಲಿಡಿ. ಬರಿಯ ಬಾಟಲಿ ತಾಗಿಸಬೇಡಿ, ಏಕೆಂದರೆ ಪ್ರಜ್ಞೆಯಿಲ್ಲದ ಪ್ರಾಣಿ ಸುಟ್ಟರೂ ಸರಿದುಕೊಳ್ಳಲಾರದು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಅಳೆದು, 38 ಡಿಗ್ರಿ ಸಮೀಪಿಸಿದಾಗ ಬಾಟಲಿ ತೆಗೆಯಿರಿ.

ಜೊತೆಯಲ್ಲೇ ಒಸಡಿನ ಬಣ್ಣ ನೋಡಿ. ಒಸಡು ಬಿಳಿಚಿಕೊಂಡಿದ್ದರೆ ಅದನ್ನು ಚಳಿಯೆಂದು ಬಿಡದೆ, ಒಳಗಿನ ರಕ್ತಸ್ರಾವವನ್ನು ಮೊದಲು ಶಂಕಿಸಿ; ಉಣ್ಣಿ ಹುಳುಗಳಿಂದ ಬರುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ಸೋಂಕಿನ ರಕ್ತಹೀನತೆಯೂ ಇರಬಹುದು, ಆದರೆ ರಕ್ತಪರೀಕ್ಷೆಯಿಲ್ಲದೆ ಅದನ್ನು ಖಚಿತವಾಗಿ ಹೇಳಲಾಗದು.

ಕ್ಸೈಲಜೀನ್‌ನ ಪ್ರಭಾವ ಇಳಿಸುವ ಯೋಹಿಂಬಿನ್ ನಿಮ್ಮಲ್ಲಿದ್ದರೂ, ಕೆಟಮೀನ್ ಕೊಟ್ಟ ಅರ್ಧ ಮುಕ್ಕಾಲು ಗಂಟೆಯೊಳಗೆ ಅದನ್ನು ಬಳಸಬೇಡಿ. ಕೆಟಮೀನ್ ಒಂದೇ ಉಳಿದರೆ ನಾಯಿ ಸೆಟೆದುಕೊಂಡು ಹೊಯ್ದಾಡುತ್ತದೆ.

ನಾಳೆಯಿಂದ ಪ್ರತಿ ನಾಯಿಯನ್ನೂ ತೂಗಿಯೇ ಔಷಧದ ಪ್ರಮಾಣ ಲೆಕ್ಕಹಾಕಿ. ಚಳಿಗಾಲದ ದಟ್ಟ ತುಪ್ಪಳದಡಿ ಬಡಕಲು ಮೈ ಇರುವುದರಿಂದ ಕಣ್ಣಂದಾಜು ತಪ್ಪುತ್ತದೆ. ಮೈಯ ಬಿಸಿ ಉಳಿಯುವಂತೆ ಹೊಟ್ಟೆಯ ಕೂದಲನ್ನು ಅಗತ್ಯವಿದ್ದಷ್ಟೇ ಬೋಳಿಸಿ, ಸ್ಪಿರಿಟ್ ಕಡಿಮೆ ಬಳಸಿ, ಕೊನೆಯ ನಾಯಿಯ ಶಸ್ತ್ರಚಿಕಿತ್ಸೆಯನ್ನು ಮಧ್ಯಾಹ್ನ ಎರಡರೊಳಗೆ ಮುಗಿಸಿ.