ಬ್ಯಾಟರಿ ಕೊಳ್ಳುವ ಮುಂಚೆ ಮೀಟರ್ ಹಿಡಿಯಿರಿ

ಈ ಸಲ ಬಂದ ಪ್ರಶ್ನೆಗಳೆಲ್ಲ ಹಳೆ ಬೈಕುಗಳ ಚಾರ್ಜಿಂಗ್ ಬಗ್ಗೆ. ಉತ್ತರಗಳಲ್ಲಿ ಹೇಳಿದ್ದನ್ನು ಮಾಡಿ ನೋಡಲು ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ಸಾಕು.

ಪ್ರಶ್ನೆ: 2009ರ 150 ಸಿಸಿ ಗಾಡಿ. 14 ತಿಂಗಳದಾಗ ಎರಡು ಬ್ಯಾಟರಿ ಹೋದವು. ಮುಂಜಾನೆ ಸೆಲ್ಫ್ ಒತ್ತಿದ್ರ ಬರೇ ಟಕ್ ಟಕ್ ಅಂತದ, ಕಿಕ್ ಹೊಡದ್ರ ಚಾಲೂ ಆಗ್ತದ. ಮಿಸ್ತ್ರಿ ಮ್ಯಾಗ್ನೆಟ್ ಕಾಯಿಲ್ ಬದಲಿಸ್ಬೇಕು ಅಂತಾರ. ಬದಲಿಸ್ಲೇನ್ರಿ?
(ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ಈಗಲೇ ಬೇಡ. ಕರೆಂಟ್ ಹುಟ್ಟಿಸುವ ಕಾಯಿಲ್, ಅದರ ಏಸಿಯನ್ನು ಡೀಸಿ ಮಾಡಿ ವೋಲ್ಟೇಜ್ ಹಿಡಿತದಲ್ಲಿಡುವ ಆರ್‌ಆರ್ (ರೆಗ್ಯುಲೇಟರ್-ರೆಕ್ಟಿಫೈಯರ್) ಯೂನಿಟ್, ಇವೆರಡರ ವೈರು ಕೂಡಿಸುವ ಪ್ಲಾಸ್ಟಿಕ್ ಕಪ್ಲರ್, ಅರ್ತಿಂಗ್, ಬ್ಯಾಟರಿ, ಇವುಗಳಲ್ಲಿ ಯಾವುದು ಕೆಟ್ಟರೂ ಮುಂಜಾನೆಯ ಲಕ್ಷಣ ಇದೇ. ಅಳೆಯದೆ ಕಾಯಿಲ್ ಬಿಚ್ಚಿದರೆ ಹಣ ಹೋಗುತ್ತದೆ, ಎಂಜಿನ್ ಕವರಿನ ಪ್ಯಾಕಿಂಗೂ ಹೋಗುತ್ತದೆ.

ಮೊದಲು ಬ್ಯಾಟರಿಯನ್ನು ಹೊರಗಿನ ಚಾರ್ಜರಿನಲ್ಲಿ ಪೂರ್ತಿ ತುಂಬಿಸಿ. 9 ಎಎಚ್ (ಆಂಪಿಯರ್-ಅವರ್) ಬ್ಯಾಟರಿಗೆ ಸುಮಾರು 0.9 ಆಂಪಿಯರ್, ಅಂದರೆ ಹತ್ತನೇ ಒಂದು ಭಾಗ ಸಾಕು. ತುಂಬಿದ ಮೇಲೆ ಐದಾರು ತಾಸು ಸುಮ್ಮನೆ ಬಿಟ್ಟು ಅಳೆಯಿರಿ. 12.6 ವೋಲ್ಟ್ ಇಲ್ಲವೇ ಮೇಲಿದ್ದರೆ ಸರಿ; 12.2 ಅಂದರೆ ಅರ್ಧ ಖಾಲಿ. ಸೆಲ್ಫ್ ಒತ್ತಿದಾಗ 9.5ರ ಕೆಳಗೆ ಬಿದ್ದರೆ ಬಹುತೇಕ ಬ್ಯಾಟರಿಯೇ ಸತ್ತಿದೆ. ಸತ್ತ ಬ್ಯಾಟರಿ ಇಟ್ಟುಕೊಂಡು ಚಾರ್ಜಿಂಗ್ ಅಳೆಯಬೇಡಿ. ಬಂದ ಕರೆಂಟನ್ನೆಲ್ಲ ಅದೇ ನುಂಗಿ ವೋಲ್ಟೇಜ್ ಏರಲು ಬಿಡುವುದಿಲ್ಲ, ತಪ್ಪು ಕಾಯಿಲ್ ಮೇಲೆ ಬರುತ್ತದೆ.

ಈಗ ಗಾಡಿ ಚಾಲೂ ಮಾಡಿ, ಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ಟರ್ಮಿನಲ್‌ಗೇ ಹಿಡಿದು, 4000ದಿಂದ 5000 ಆರ್‌ಪಿಎಂಗೆ ರೇಸ್ ಮಾಡಿ. 13.8ರಿಂದ 14.5 ಬರಬೇಕು. 15 ದಾಟಿದರೆ ಆರ್‌ಆರ್ ಯೂನಿಟ್ ಅಥವಾ ಅದರ ಅರ್ತಿಂಗ್ ಕೆಟ್ಟಿದೆ. ಬ್ಯಾಟರಿ ಬೆಂದು ನೀರು ಆರುವುದು, ಡಬ್ಬಿ ಉಬ್ಬುವುದು ಇದರಿಂದಲೇ. ಎಷ್ಟು ರೇಸ್ ಮಾಡಿದರೂ 12.5ರ ಆಸುಪಾಸೇ ನಿಂತರೆ ಚಾರ್ಜ್ ಬರುತ್ತಿಲ್ಲ. ಆಗ ಮೂರು ಹಳದಿ ವೈರುಗಳ ಕಪ್ಲರ್ ಹುಡುಕಿ. ಬಿಚ್ಚುವ ಮುಂಚೆ ಕಣ್ಣಿಟ್ಟು ನೋಡಿ: ಪ್ಲಾಸ್ಟಿಕ್ ಕಂದು ತಿರುಗಿದೆಯೇ, ಕರಗಿ ಅಂಟಿದೆಯೇ? ಹದಿನೈದು ವರ್ಷದ ಗಾಡಿಗಳಲ್ಲಿ ಅರ್ಧ ದೂರುಗಳು ಇಲ್ಲಿಗೇ ಮುಗಿಯುತ್ತವೆ. ಪಿನ್ನಿನ ಬಿಗಿ ಹೋಗಿ ಅಲ್ಲಿ ಬರೀ 0.2 ಓಮ್ ತಡೆ ಹುಟ್ಟಿದರೂ, 10 ಆಂಪಿಯರ್ ಹರಿಯುವಾಗ 20 ವ್ಯಾಟ್ ಶಾಖವಾಗುತ್ತದೆ. ಸಣ್ಣ ಸೋಲ್ಡರಿಂಗ್ ಐರನ್ ಒಂದನ್ನು ಕಪ್ಲರ್ ಒಳಗೆ ಇಟ್ಟಂತೆ. ಬಿಸಿಗೆ ಪಿನ್ ಇನ್ನಷ್ಟು ಸಡಿಲಾಗುತ್ತದೆ, ತಡೆ ಇನ್ನಷ್ಟು ಏರುತ್ತದೆ. ಸುಟ್ಟ ಕಪ್ಲರ್ ಕತ್ತರಿಸಿ ದಪ್ಪ ಪಿನ್ನಿನ ಹೊಸದನ್ನು ಕ್ರಿಂಪ್ ಮಾಡಿಸಿ (ಪಿನ್ನನ್ನು ವೈರಿಗೆ ಒತ್ತಿ ಕೂಡಿಸುವುದು). ಕಪ್ಪಾಗಿರುವ ತಾಮ್ರವನ್ನು ಹೊಳೆಯುವ ತಾಮ್ರ ಸಿಗುವವರೆಗೂ ಹಿಂದಕ್ಕೆ ಕತ್ತರಿಸಬೇಕು. ಮೂರರಲ್ಲಿ ಯಾವುದಕ್ಕೆ ಯಾವುದು ಎಂಬ ತಲೆನೋವಿಲ್ಲ. ಏಸಿ ಆದ್ದರಿಂದ ಹೇಗೆ ಕೂಡಿಸಿದರೂ ನಡೆಯುತ್ತದೆ.

ಕಪ್ಲರ್ ಚೆನ್ನಾಗಿದ್ದರೆ ಅದನ್ನು ಬಿಚ್ಚಿಟ್ಟೇ ಕಾಯಿಲ್ ಅಳೆಯಿರಿ. ಎಂಜಿನ್ ಬಂದ್ ಇರುವಾಗ ಹಳದಿ-ಹಳದಿ ನಡುವೆ ಮೂರೂ ಜೋಡಿಗಳಲ್ಲಿ 1 ಓಮ್‌ಗಿಂತ ಕಡಿಮೆ, ಮೂರೂ ಒಂದೇ ಬರಬೇಕು. ಎರಡು ಕಡ್ಡಿಗಳನ್ನು ಕೂಡಿಸಿದಾಗ ಮೀಟರ್ ತಾನೇ 0.2-0.3 ತೋರಿಸುತ್ತದೆ, ಅದನ್ನು ಕಳೆಯಿರಿ. ಹಳದಿಯಿಂದ ಎಂಜಿನ್ ಬಾಡಿಗೆ ಏನೂ ತೋರಿಸಬಾರದು; ತೋರಿಸಿದರೆ ಕಾಯಿಲ್ ಸುಟ್ಟಿದೆ, ಮಿಸ್ತ್ರಿ ಹೇಳಿದ್ದೇ ನಿಜ. ಆಮೇಲೆ ಮೀಟರನ್ನು ಏಸಿ 200ಕ್ಕೆ ಇಟ್ಟು ಚಾಲೂ ಮಾಡಿ. 5000 ಆರ್‌ಪಿಎಂನಲ್ಲಿ ಬಹಳಷ್ಟು ಗಾಡಿಗಳು 50 ವೋಲ್ಟ್ ದಾಟುತ್ತವೆ, ವೈರಿಗೆ ಬರಿಗೈ ತಾಗಿಸಬೇಡಿ. ಅಂಕಿ ಮಾಡೆಲ್ ಪ್ರಕಾರ ಬೇರೆ, ಮೂರು ಜೋಡಿ ಸಮ ಇವೆಯೇ ಎಂಬುದೇ ಮುಖ್ಯ. ಎರಡು ಜೋಡಿ ಕಡಿಮೆ, ಒಂದು ಸರಿ ಬಂದರೆ, ಆ ಎರಡರಲ್ಲೂ ಇರುವ ವೈರಿನ ಸುತ್ತು ಹೋಗಿದೆ.

ತಣ್ಣಗಿದ್ದಾಗ ಸರಿ ತೋರಿಸಿ ಬಿಸಿಯಾದಾಗ ಕೈಕೊಡುವ ಕಾಯಿಲ್‌ಗಳೂ ಇವೆ. ಧಾರವಾಡದವರೆಗೆ ಹೋಗಿ ಬಂದು, ಎಂಜಿನ್ ಬಿಸಿ ಇರುವಾಗಲೇ ಇನ್ನೊಮ್ಮೆ ಅಳೆದ ಮೇಲೆಯೇ ತೀರ್ಮಾನ.

ಕಾಯಿಲ್ ಪಾಸಾದರೆ ಉಳಿದದ್ದು ಆರ್‌ಆರ್ ಯೂನಿಟ್ ಮತ್ತು ಅದರಿಂದ ಬ್ಯಾಟರಿಗೆ ಬರುವ ದಾರಿ. ಕಪ್ಲರ್ ಹಾಕಿ, ಮೀಟರನ್ನು ಮತ್ತೆ ಡೀಸಿಗೆ ತಿರುಗಿಸಿ, ಹೆಡ್‌ಲೈಟ್ ಹೊತ್ತಿಸಿ, ರೇಸ್‌ನಲ್ಲಿಟ್ಟು ಒಂದು ಕಡ್ಡಿ ಯೂನಿಟ್ಟಿನ ಪ್ಲಸ್ ವೈರಿಗೆ, ಇನ್ನೊಂದು ಬ್ಯಾಟರಿ ಪ್ಲಸ್‌ಗೆ ಹಿಡಿಯಿರಿ. 0.3 ವೋಲ್ಟ್ ದಾಟಿದರೆ ನಡುವೆ ಎಲ್ಲೋ ಫ್ಯೂಸ್ ಹೋಲ್ಡರ್ ಅಥವಾ ಜೋಡಣೆ ಕಿಲುಬಿದೆ. ಮೈನಸ್ ಕಡೆಯೂ ಹಾಗೇ ನೋಡಿ, ಅಲ್ಲಿ 0.2ರ ಒಳಗಿರಬೇಕು. ಇವೆರಡೂ ಸರಿ ಇದ್ದು ಚಾರ್ಜ್ ಮಾತ್ರ ಬರದಿದ್ದರೆ ಯೂನಿಟ್ ಬದಲಿಸಿ. ಯೂನಿಟ್ ಮುಟ್ಟಲಾಗದಷ್ಟು ಬಿಸಿಯಾಗುವುದು ಮಾತ್ರ ರೋಗವಲ್ಲ. ಈ ಗಾಡಿಗಳಲ್ಲಿ ಅದು ಹೆಚ್ಚಾದ ಕರೆಂಟನ್ನು ಕಾಯಿಲ್‌ಗೇ ತಿರುಗಿಸಿ ಶಾಖವಾಗಿ ಕಳೆಯುತ್ತದೆ. ಎರೆ ಮಣ್ಣಿನ ರಾಡಿ ಅದರ ರೆಕ್ಕೆಗಳ ನಡುವೆ ಒಣಗಿ ಕೂತರೆ ಶಾಖ ಹೊರಹೋಗದೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಳಗಿನ ಡಯೋಡ್ ಸಾಯುತ್ತದೆ, ಮಳೆಗಾಲ ಮುಗಿದ ಕೂಡಲೇ ತೊಳೆಯಿರಿ.

ಪ್ರಶ್ನೆ: 2003ರ ಹೀರೋ ಹೋಂಡಾ ಸ್ಪ್ಲೆಂಡರ್. ತಿಂಗಳಿಗೊಂದು ಹೆಡ್‌ಲೈಟ್ ಬಲ್ಬ್ ಸುಡುತ್ತದೆ. ನಿಂತಾಗ ಲೈಟ್ ಮಂಕು. ಹೊಸ ಬ್ಯಾಟರಿ ಹಾಕಿದರೂ ಹಾಗೆಯೇ ಇದೆ.
(ಬ್ಯಾಡಗಿ)

ಉತ್ತರ: ಹಾಗೆಯೇ ಇರುತ್ತದೆ. ನಿಮ್ಮ ಗಾಡಿಯಲ್ಲಿ ಹೆಡ್‌ಲೈಟಿಗೂ ಬ್ಯಾಟರಿಗೂ ಸಂಬಂಧವಿಲ್ಲ. ಮ್ಯಾಗ್ನೆಟ್ಟಿನ ಲೈಟಿಂಗ್ ಕಾಯಿಲ್‌ನಿಂದ ನೇರ ಏಸಿ ಬರುತ್ತದೆ. ಬ್ಯಾಟರಿ ಇರುವುದು ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟಿಗೆ. ನಿಂತಾಗ ಮಂಕಾಗುವುದು ಸಹಜ. ಬಲ್ಬ್ ಸುಡುವುದು ಸಹಜವಲ್ಲ. ಆರ್‌ಆರ್ ಯೂನಿಟ್ಟಿಗೆ ನಾಲ್ಕು ವೈರು: ಬಿಳಿ ಚಾರ್ಜಿಂಗ್ ಕಾಯಿಲ್‌ನದು, ಹಳದಿ ಲೈಟಿನದು, ಕೆಂಪು ಬ್ಯಾಟರಿಗೆ, ಹಸಿರು ಅರ್ತಿಂಗ್. ಹಸಿರು ಕೈಕೊಟ್ಟರೆ ಯೂನಿಟ್ ವೋಲ್ಟೇಜ್ ತಡೆಯಲಾರದು. ಹೆಡ್‌ಲೈಟ್ ಹೊತ್ತಿಸಿ, ಹಳದಿಗೂ ಬಾಡಿಗೂ ನಡುವೆ ಏಸಿ ಅಳೆಯುತ್ತ ರೇಸ್ ಮಾಡಿ. 15 ದಾಟಿದರೆ ಒಂದು ತುಂಡು ವೈರಿನಿಂದ ಹಸಿರನ್ನು ನೇರ ಬ್ಯಾಟರಿ ಮೈನಸ್‌ಗೆ ಕೂಡಿಸಿ ಮತ್ತೆ ನೋಡಿ. ಇಳಿದರೆ ಚಾಸಿಗೆ ಕೂಡುವ ಬೋಲ್ಟ್ ಬಿಚ್ಚಿ, ಬಣ್ಣ-ತುಕ್ಕು ಎಮರಿ ಪೇಪರಿನಿಂದ ಉಜ್ಜಿ ಬಿಗಿ ಮಾಡಿ, ಖರ್ಚಿಲ್ಲ. ಇಳಿಯದಿದ್ದರೆ ಯೂನಿಟ್ ಬದಲಿಸಿ. ಬೆಳಕು ಹೆಚ್ಚಲೆಂದು 35 ವ್ಯಾಟ್ ಜಾಗಕ್ಕೆ 55ರ ಬಲ್ಬ್ ಹಾಕಬೇಡಿ. ಕಾಯಿಲ್ ಅಷ್ಟು ಕೊಡಲಾರದು, ಹೋಲ್ಡರ್ ಕರಗುತ್ತದೆ.

ಪ್ರಶ್ನೆ: ಎಂಜಿನ್ ಚಾಲೂ ಇದ್ದಾಗ ಬ್ಯಾಟರಿ ವೈರ್ ಕಿತ್ತರೂ ಗಾಡಿ ನಡೆದರೆ ಚಾರ್ಜಿಂಗ್ ಸರಿ ಇದೆ ಎನ್ನುತ್ತಾರೆ. ಹೌದೇ?
(ಹಾವೇರಿ)

ಉತ್ತರ: ಅಲ್ಲ. ಮ್ಯಾಗ್ನೆಟ್‌ನಿಂದಲೇ ಸ್ಪಾರ್ಕ್ ಬರುವ ಗಾಡಿ ಚಾರ್ಜಿಂಗ್ ಪೂರ್ತಿ ಸತ್ತಿದ್ದರೂ ಓಡುತ್ತದೆ, ಹಾಗಾಗಿ ಏನೂ ತಿಳಿಯುವುದಿಲ್ಲ. ಉಳಿದವುಗಳಲ್ಲಿ ವೋಲ್ಟೇಜಿನ ಏರಿಳಿತ ನುಂಗುವ ಬ್ಯಾಟರಿಯೇ ಇಲ್ಲದೆ ಸಿಡಿಐ (ಸ್ಪಾರ್ಕ್ ಕೊಡಿಸುವ ಡಬ್ಬಿ), ಆರ್‌ಆರ್ ಯೂನಿಟ್, ಬಲ್ಬುಗಳು ಒಂದೇ ಏಟಿಗೆ ಹೋಗಬಹುದು.

ಪ್ರಶ್ನೆ: ಹಳೆ ಬುಲೆಟ್. ಹೆಡ್‌ಲೈಟ್ ಹಾಕಿದರೆ ಆಮ್ಮೀಟರ್ ಮುಳ್ಳು ಮೈನಸ್‌ಗೆ ಹೋಗಿ, ವೇಗ ಹೆಚ್ಚಿದಾಗ ಸೊನ್ನೆಗೆ ಬರುತ್ತದೆ. ಪ್ಲಸ್‌ಗೆ ಹೋಗುವುದೇ ಇಲ್ಲ.
(ಧಾರವಾಡ)

ಉತ್ತರ: ಬ್ಯಾಟರಿ ತುಂಬಿದ್ದರೆ ಸೊನ್ನೆಯೇ ಸರಿಯಾದ ಜಾಗ. ವೇಗದಲ್ಲೂ ಮೈನಸ್‌ನಲ್ಲೇ ಉಳಿದರೆ ಚಾರ್ಜ್ ಇಲ್ಲ. ಸದಾ ಪ್ಲಸ್ ಕೊನೆಯಲ್ಲಿ ನಿಂತರೆ ಬ್ಯಾಟರಿ ಕುದಿಯುತ್ತಿದೆ. ಮುಳ್ಳು ನಡುಗಿ ಇಡೀ ಗಾಡಿಯ ಕರೆಂಟ್ ಹೋಗಿ ಬಂದರೆ ಆಮ್ಮೀಟರಿನ ಹಿಂದಿನ ನಟ್ಟುಗಳು ಸಡಿಲಾಗಿವೆ, ಯಾಕೆಂದರೆ ಬ್ಯಾಟರಿಯ ಕರೆಂಟೆಲ್ಲ ಅದರ ಮೂಲಕವೇ ಹರಿಯುತ್ತದೆ. ದಾರಿಯಲ್ಲಿ ಕೈಕೊಟ್ಟರೆ ಆ ನಟ್ಟುಗಳಿಗೆ ಬರುವ ಎರಡು ವೈರುಗಳನ್ನು ಒಂದೇ ಬೋಲ್ಟಿಗೆ ಕಟ್ಟಿ, ಟೇಪು ಸುತ್ತಿ ಮನೆಗೆ ಬನ್ನಿ. ಗಾಡಿ 6 ವೋಲ್ಟಿನದಾದರೆ ಮೇಲಿನ ಬ್ಯಾಟರಿ ಅಂಕಿಗಳನ್ನೆಲ್ಲ ಅರ್ಧ ಮಾಡಿಕೊಳ್ಳಿ: ತುಂಬಿದಾಗ 6.3, ಚಾರ್ಜ್ ಆಗುವಾಗ 7ರ ಆಸುಪಾಸು.

ಪ್ರಶ್ನೆ: ಚಾರ್ಜಿಂಗ್ 14.2 ಬರುತ್ತದೆ, ಆದರೂ ವಾರ ನಿಲ್ಲಿಸಿದರೆ ಬ್ಯಾಟರಿ ಇಳಿಯುತ್ತದೆ. ಅಲಾರ್ಮ್ ಹಾಕಿಸಿದ್ದೇನೆ.
(ಬೆಟಗೇರಿ, ಗದಗ)

ಉತ್ತರ: ಅಲಾರ್ಮೇ ಇರಬೇಕು. ಚಾವಿ ತೆಗೆದು, ಬ್ಯಾಟರಿ ಮೈನಸ್ ವೈರ್ ಬಿಚ್ಚಿ, ಟರ್ಮಿನಲ್‌ಗೂ ವೈರಿಗೂ ನಡುವೆ ಮೀಟರ್ ಕೂಡಿಸಿ. ಮೊದಲು 10 ಆಂಪಿಯರ್ ತೂತಿನಲ್ಲಿ, ಏನೂ ಕಾಣದಿದ್ದರೆ ಮಿಲಿಆಂಪಿಯರ್‌ಗೆ. ಹಳೆ ಗಾಡಿಯಲ್ಲಿ 1-2 ಮಿಲಿಆಂಪಿಯರ್ ದಾಟಬಾರದು. ಅಲಾರ್ಮ್ 20 ಎಳೆಯುತ್ತಿದ್ದರೆ ದಿನಕ್ಕೆ 0.48 ಎಎಚ್, 5 ಎಎಚ್ ಬ್ಯಾಟರಿ ಹತ್ತು ದಿನಕ್ಕೆ ಖಾಲಿ. ಸೆಲ್ಫ್ ಅದಕ್ಕಿಂತ ಬಹಳ ಮುಂಚೆಯೇ ಸುಸ್ತು. ಅಲಾರ್ಮ್ ವೈರ್ ಕಿತ್ತರೂ ಅಂಕಿ ಇಳಿಯದಿದ್ದರೆ ಆರ್‌ಆರ್ ಯೂನಿಟ್ಟಿನ ಕಪ್ಲರ್ ಬಿಚ್ಚಿ ನೋಡಿ, ಸೋರುವ ಡಯೋಡ್ ಅಲ್ಲಿ ಸಿಕ್ಕೀತು. ಮೀಟರ್ ಕೂಡಿಸಿದ್ದಾಗ ಮರೆತೂ ಸೆಲ್ಫ್ ಒತ್ತಬೇಡಿ, ಮೀಟರಿನ ಫ್ಯೂಸ್ ಅಲ್ಲೇ ಹಾರುತ್ತದೆ.