ದುರ್ಯೋಧನನ ಕವಚ ಬಿಗಿಯಾದಾಗ

ಪ್ರಶ್ನೆ: ಹನ್ನೆರಡು ವರ್ಷಗಳಿಂದ ನಮ್ಮೂರ ದೊಡ್ಡಾಟದಲ್ಲಿ ನಾನೇ ದುರ್ಯೋಧನ. ಫೋಮ್ ಹಾಳೆಯ ಎದೆಕವಚ ಈ ಸಲ ಎರಡೂ ಪಕ್ಕದಲ್ಲಿ ನಾಲ್ಕು ಬೆರಳು ಸಾಲುತ್ತಿಲ್ಲ. ಹೊಸದು ಮಾಡಿಸಬೇಕೇ?
– ಓದುಗ, ಕೊಪ್ಪಳ ತಾಲ್ಲೂಕು

ಉತ್ತರ: ಬೇಡ. ದುರ್ಯೋಧನ ತುಸು ದಪ್ಪಗಿದ್ದರೆ ಗದೆಗೇ ಶೋಭೆ. ಮುಂಭಾಗಕ್ಕೆ ಮಾತ್ರ ಕತ್ತರಿ ಹಾಕಬೇಡಿ, ಚಿತ್ತಾರವೆಲ್ಲ ಅಲ್ಲಿದೆ. ಪಕ್ಕದ ಜೋಡಣೆ ಬಿಚ್ಚಿ, ನಡುವೆ ಕಪ್ಪು ಕ್ಯಾನ್ವಾಸಿನ ಪಟ್ಟಿ ಕೂಡಿಸಿ, ಎರಡೂ ಅಂಚಿಗೆ ಲೋಹದ ಕಣ್ಣು (ಲಾಡಿ ತೂರಿಸುವ ಪುಟ್ಟ ಉಂಗುರ) ಕೂರಿಸಿ ಲಾಡಿ ಕಟ್ಟಿ. ಆಗ ಊಟಕ್ಕೆ ಮುಂಚೆ ಒಂದು ಅಳತೆ, ಊಟದ ನಂತರ ಇನ್ನೊಂದು! ಅಳತೆಯನ್ನು ನಿಂತು ತೆಗೆದುಕೊಳ್ಳಬೇಡಿ. ಕುಳಿತು, ಉಸಿರು ತುಂಬಿಕೊಂಡು ತೆಗೆದುಕೊಳ್ಳಿ. ಬಳ್ಳಾರಿಯಲ್ಲಿ ಒಬ್ಬ ಭೀಮನಿಗೆ ನಿಂತ ಅಳತೆಯಲ್ಲಿ ಹೊಲಿದುಕೊಟ್ಟು, ಅವನು ಮಂಡಿಯೂರುತ್ತಲೇ ದಾರ ಪಟಪಟನೆ ಹರಿದದ್ದನ್ನು ನಾನು ಮರೆತಿಲ್ಲ. ಹೊಟ್ಟೆಯ ಬಳಿ ಫೋಮ್ ಚಪ್ಪಟೆಯಾಗಿದ್ದರೆ ಬಿಸಿಗಾಳಿ ಯಂತ್ರದಿಂದ ಕಾಯಿಸಿ, ಮಡಕೆಯ ಮೇಲೆ ಒತ್ತಿ ಹಿಡಿಯಿರಿ. ಆರಿದ ಮೇಲೆ ಆ ಬಾಗು ಉಳಿಯುತ್ತದೆ. ಕಿಟಕಿ ತೆರೆದಿರಲಿ, ಹೊಗೆ ಒಳ್ಳೆಯದಲ್ಲ. ಭುಜದ ಪಟ್ಟಿಯನ್ನೂ ಎರಡು ಅಂಗುಲ ಉದ್ದ ಮಾಡಿ, ಇಲ್ಲವಾದರೆ ಕವಚ ಮೇಲೇರಿ ಗಂಟಲಿಗೆ ಒತ್ತುತ್ತದೆ, ಪದ ಹೊರಡುವುದಿಲ್ಲ. ಭುಜಕೀರ್ತಿ ಹಾಗೆಯೇ ಇರಲಿ.